ಮಂಗನ ಕಾಯಿಲೆ ಮತ್ತು ರಕ್ತಪರಿಚಲನೆ

ಮಂಗನ ಕಾಯಿಲೆಯು ಮಲೆನಾಡಿನಲ್ಲಿ ಮೊದಲು ಗುರುತಿಸಲಾದ ರಕ್ತಸ್ರಾವದ ಜ್ವರ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಹೊತ್ತ ಇದನ್ನು ವೈದ್ಯರು ಕ್ಯಾಸನೂರು ಅರಣ್ಯ ಕಾಯಿಲೆ ಅಥವಾ ಕೆಎಫ್‌ಡಿ ಎನ್ನುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನ ಊರುಗಳಿಗೆ ಇದು ಪ್ರತಿ ಬೇಸಿಗೆಯ ಆತಂಕ. ವೈರಾಣುವಿನ ಹಾವಳಿಯೆಲ್ಲ ರಕ್ತದ ಹಾದಿ ಹಿಡಿದೇ ಸಾಗುವುದರಿಂದ, ಹೃದಯ ಮತ್ತು ಶ್ವಾಸಕೋಶಗಳ ಕೆಲಸ ತಿಳಿಯದೆ ಈ ಕಾಯಿಲೆ ಅರ್ಥವಾಗುವುದಿಲ್ಲ.

1957ರ ಬೇಸಿಗೆಯಲ್ಲಿ ಕ್ಯಾಸನೂರಿನ ಸುತ್ತ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ತನಿಖೆಗಿಳಿದರು. ಮಂಗಗಳನ್ನು ಕೊಲ್ಲುವ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬುದು ಅವರ ಮೊದಲ ಭಯ. ಸತ್ತ ಮಂಗಗಳಿಂದ ಬೇರ್ಪಡಿಸಿದ ವೈರಾಣು ಬೇರೆಯದೇ ಆಗಿತ್ತು. ಉಣುಗು ಕಚ್ಚಿ ಹರಡುವ ರಷ್ಯದ ಮಿದುಳುಜ್ವರಗಳಿಗೆ ಅದು ಹತ್ತಿರದ ನಂಟು. ಇಲ್ಲಿ ಅದನ್ನು ಹೊತ್ತು ತಿರುಗುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು.

ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣುಗು ಕಾಲಿಗೆ ಕಚ್ಚಿದರೆ ಒಸಡಿನಲ್ಲಿ ರಕ್ತ ಬರುವುದೇಕೆ? ರಕ್ತ ಮೈಯೆಲ್ಲ ಸುತ್ತುತ್ತದೆಂಬುದೇ ಉತ್ತರ. ಇದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಲೆಕ್ಕ ಹಾಕಿ ತೋರಿಸಿದ. ಅಪಧಮನಿಯ ರಕ್ತ ಅಭಿಧಮನಿಗೆ ಸೇರುವ ದಾರಿ ಮಾತ್ರ ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ವಿಶ್ರಾಂತಿಯಲ್ಲಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 72 ಸಲ ಬಡಿದು, ಹೆಚ್ಚುಕಡಿಮೆ ಅಷ್ಟನ್ನೂ ಒಂದು ಸುತ್ತು ಹರಿಸುತ್ತದೆ. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಅಲ್ಲಿನ ಕೋಟಿಗಟ್ಟಲೆ ಗಾಳಿಗೂಡುಗಳ ತೆಳುಗೋಡೆಯಾಚೆ ಇಂಗಾಲದ ಡೈಆಕ್ಸೈಡ್ ಬಿಟ್ಟು, ಆಮ್ಲಜನಕ ಹಿಡಿದು ಎಡಭಾಗಕ್ಕೆ ಮರಳಿದ ರಕ್ತ ಮೈಯೆಲ್ಲಕ್ಕೂ ಹೋಗುತ್ತದೆ. ಒಳಗೆ ಎಳೆದ ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಹೊರಬಿಟ್ಟ ಉಸಿರಿನಲ್ಲಿ ಶೇ 16ಕ್ಕೆ ಇಳಿದಿರುತ್ತದೆ.

ವೈರಾಣುವೂ ಇದೇ ಹರಿವಿನಲ್ಲಿ ಸಾಗುತ್ತದೆ. ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜ್ವರ, ಹಣೆಯೊಡೆಯುವ ತಲೆನೋವು, ಸೊಂಟ–ಕಾಲುಗಳಲ್ಲಿ ತಡೆಯಲಾಗದ ನೋವು. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಮೈಕ್ರೋಲೀಟರಿಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕು. ಅವು ಕುಸಿದಾಗ ಮೂಗು, ಒಸಡು, ಕರುಳಿನಿಂದ ರಕ್ತ ಒಸರಬಹುದು. ಬಿಳಿರಕ್ತಕಣಗಳೂ ಇಳಿಯುತ್ತವೆ. ಗುಲ್ಮ ಮತ್ತು ಯಕೃತ್ತಿನ ಕಣಗಳು ಕೆಂಪುರಕ್ತಕಣಗಳನ್ನು ನುಂಗಿದ್ದೂ ಶ್ವಾಸಕೋಶದೊಳಗೆ ರಕ್ತಸ್ರಾವವಾದದ್ದೂ ಶವಪರೀಕ್ಷೆಗಳಲ್ಲಿ ಕಂಡಿವೆ. ಗಾಳಿಗೂಡಿನಲ್ಲಿ ರಕ್ತ ತುಂಬಿದರೆ ಆಮ್ಲಜನಕ ದಾಟುವ ದಾರಿಯೇ ಮುಚ್ಚಿ ಏದುಸಿರು ಬರುತ್ತದೆ. ಸಾಮಾನ್ಯವಾಗಿ ಜ್ವರ ಏರಿದಂತೆ ನಾಡಿಯೂ ಏರಬೇಕು. ಈ ಕಾಯಿಲೆಯಲ್ಲಿ ನಾಡಿ ನಿಧಾನವಾಗಿರುವುದುಂಟು, ರಕ್ತದೊತ್ತಡವೂ ಕುಸಿಯುತ್ತದೆ. ವೈದ್ಯರು ಮೊದಲೇ ಗಮನಿಸಬೇಕಾದ ಸುಳಿವಿದು. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ; 100 ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಕೆಲವರಿಗೆ ಮೂರನೆಯ ವಾರದಲ್ಲಿ ಜ್ವರ ಮರುಕಳಿಸಿ ನಡುಕ, ದೃಷ್ಟಿಯ ತೊಂದರೆ ಕಾಣಿಸುತ್ತವೆ.

ಮಂಗದ ರಕ್ತ ಕುಡಿದ ಉಣುಗುಗಳು ಅದು ಸತ್ತು ಬಿದ್ದಲ್ಲೇ ಉದುರಿ ಸುತ್ತಲ ನೆಲವನ್ನು ಅಪಾಯದ ತಾಣ ಮಾಡುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಕಾಯಿಲೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದಕ್ಕೆ ಯಾವ ಆಧಾರವೂ ಇಲ್ಲ. ಮರಿ ಉಣುಗುಗಳು ಹೆಚ್ಚುವ ನವೆಂಬರ್–ಮೇ ಅವಧಿಯೇ ಅಡಿಕೆ ಸೀಮೆಯವರು ಸೊಪ್ಪಿನಬೆಟ್ಟಕ್ಕೆ ಹೋಗಿ ಕೊಟ್ಟಿಗೆಗೆ ದರಕು (ಒಣ ಎಲೆ) ತರುವ ಕಾಲವೂ ಹೌದು. ಕಾಡಿಗೆ ಹೋಗಬೇಡಿ ಎಂಬ ಸಲಹೆ ಈ ಬದುಕಿಗೆ ಒಗ್ಗುವಂಥದ್ದಲ್ಲ. ಮೈಗೆ ಹಚ್ಚಲು ಸರ್ಕಾರ ಹಂಚುವ ಡೆಪಾ ತೈಲ, ಮೈಮುಚ್ಚುವ ಬಟ್ಟೆ, ಮರಳಿದೊಡನೆ ಬಿಸಿನೀರಿನ ಸ್ನಾನ ಹೆಚ್ಚು ಉಪಯುಕ್ತ.

ದಶಕಗಳ ಕಾಲ ಮುಖ್ಯವಾಗಿ ಕರ್ನಾಟಕದಲ್ಲೇ ಇದ್ದ ಕಾಯಿಲೆ 2012ರ ನಂತರ ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಂಡಿತು. 2018ರ ಕೊನೆಯಲ್ಲಿ ಜೋಗ–ಕಾರ್ಗಲ್ ಸೀಮೆಯ ಅರಲಗೋಡಿನಲ್ಲಿ ಹೊತ್ತಿಕೊಂಡು, 2019ರ ಮೊದಲ ತಿಂಗಳುಗಳಲ್ಲಿ ಹಲವು ಜೀವ ತೆಗೆಯಿತು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವನ್ನೇ ಆರ್‌ಟಿ–ಪಿಸಿಆರ್ ಮೂಲಕ ಪತ್ತೆ ಮಾಡಬಹುದು, ಆಮೇಲೆ ಪ್ರತಿಕಾಯಗಳನ್ನು ಹುಡುಕಬೇಕು. ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲದ್ದರಿಂದ ದ್ರವ ಕೊಟ್ಟು ರಕ್ತದೊತ್ತಡ ಕಾಯುವುದು, ರಕ್ತಸ್ರಾವವನ್ನು ನಿಭಾಯಿಸುವುದೇ ಚಿಕಿತ್ಸೆ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ಮಾತ್ರೆಯನ್ನು ಇಂಥ ಜ್ವರದಲ್ಲಿ ನುಂಗಲೇಬಾರದು.

ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು 1990ರಿಂದ ಹಾಕಲಾಗುತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಆ ಲಸಿಕೆಯ ಸತ್ವ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿತು.