ಫುಟ್ಸಾಲ್ ಅಂಗಣದಲ್ಲಿ ಇರಾನಿನ ಹೆಣ್ಣುಮಕ್ಕಳು

2015ರ ಸೆಪ್ಟೆಂಬರ್‌ನಲ್ಲಿ ಮಲೇಶ್ಯಾದಲ್ಲಿ ಮೊತ್ತಮೊದಲ ಏಶ್ಯನ್ ಮಹಿಳಾ ಫುಟ್ಸಾಲ್ ಚಾಂಪಿಯನ್‌ಶಿಪ್ ನಡೆಯಿತು. ಫೈನಲ್‌ನಲ್ಲಿ ಇರಾನ್ 1-0 ಗೋಲಿನಿಂದ ಜಪಾನನ್ನು ಸೋಲಿಸಿತು. ಆದರೆ ಗೆದ್ದ ತಂಡದೊಂದಿಗೆ ಅದರ ನಾಯಕಿ ನಿಲೂಫರ್ ಅರ್ದಲಾನ್ ಇರಲಿಲ್ಲ. ಆಕೆಗೆ ಗಾಯವಾಗಿರಲಿಲ್ಲ, ಆಯ್ಕೆಗಾರರು ಕೈಬಿಟ್ಟಿರಲೂ ಇಲ್ಲ. ಪಾಸ್‌ಪೋರ್ಟ್ ನವೀಕರಣಕ್ಕೆ ಪತಿಯ ಸಹಿ ಬೇಕಿತ್ತು, ಅದು ಸಿಗಲಿಲ್ಲ, ಅಷ್ಟೇ. ಮಗ ಶಾಲೆಗೆ ಹೋಗುವ ಮೊದಲ ದಿನ ತಾಯಿ ಜೊತೆಗಿರಬೇಕು ಎಂಬುದು ಪತಿಯ ವಾದವಾಗಿತ್ತು.

ಫುಟ್ಸಾಲ್ ಎಂದರೆ ಚಾವಣಿಯ ಕೆಳಗಿನ ಫುಟ್ಬಾಲ್. ತಂಡಕ್ಕೆ ಐವರು, ಹೆಚ್ಚು ಪುಟಿಯದ ಸಣ್ಣ ಚೆಂಡು, ಇಪ್ಪತ್ತು ನಿಮಿಷಗಳ ಎರಡು ಅವಧಿ. 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊ ನಗರದ ವೈಎಂಸಿಎಯಲ್ಲಿ ಹುವಾನ್ ಕಾರ್ಲೊಸ್ ಸೆರಿಯಾನಿ ಎಂಬ ಶಿಕ್ಷಕ ಇದಕ್ಕೊಂದು ರೂಪ ಕೊಟ್ಟರು. ಫಿಫಾ 1989ರಲ್ಲಿ ಹಾಲೆಂಡ್‌ನಲ್ಲಿ ತನ್ನ ಮೊದಲ ಫುಟ್ಸಾಲ್ ವಿಶ್ವಕಪ್ ನಡೆಸಿದಾಗ ಬ್ರೆಝಿಲ್ ಗೆದ್ದಿತು. 1992ರಲ್ಲಿ ಹಾಂಕಾಂಗ್‌ನಲ್ಲಿ ಇರಾನಿನ ಪುರುಷರು ನಾಲ್ಕನೇ ಸ್ಥಾನ ಪಡೆದರು. 1999ರಲ್ಲಿ ಏಶ್ಯನ್ ಚಾಂಪಿಯನ್‌ಶಿಪ್ ಆರಂಭವಾದ ಮೇಲೆ ಮೊದಲ ಏಳು ಬಾರಿಯೂ ಅವರದೇ ಪ್ರಶಸ್ತಿ.

ಮಹಿಳೆಯರಿಗೆ ಈ ಆಟ ಒದಗಿ ಬಂದದ್ದಕ್ಕೆ ಕಾರಣ ಬೇರೆ. 1979ರ ಕ್ರಾಂತಿಯ ನಂತರ ಅಲ್ಲಿ ಮಹಿಳಾ ಫುಟ್ಬಾಲ್ ನಿಂತುಹೋಗಿತ್ತು. 1990ರ ದಶಕದಲ್ಲಿ ಅದು ಮರಳಿದ್ದು ನಾಲ್ಕು ಗೋಡೆಗಳ ನಡುವೆ, ಪುರುಷ ಪ್ರೇಕ್ಷಕರಿಲ್ಲದ ಸಭಾಂಗಣಗಳಲ್ಲಿ, ಫುಟ್ಸಾಲ್‌ನ ರೂಪದಲ್ಲಿ. ನಿರ್ಬಂಧವೆಂದು ಕಟ್ಟಿದ ಗೋಡೆಯೊಳಗೇ ಒಂದು ಬಲಿಷ್ಠ ತಂಡ ಬೆಳೆಯಿತು ಎನ್ನಬೇಕು.

ಹೊರಗಿನ ಜಗತ್ತೂ ಇವರ ಪಾಲಿಗೆ ಉದಾರವಾಗಿರಲಿಲ್ಲ. 2011ರ ಜೂನ್‌ನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಬಂದ ಇರಾನಿನ ಮಹಿಳಾ ಫುಟ್ಬಾಲ್ ತಂಡವನ್ನು ತಲೆವಸ್ತ್ರದ ಕಾರಣ ಕೊಟ್ಟು ಆಡಲು ಬಿಡಲಿಲ್ಲ. ಸುರಕ್ಷತೆಯ ಪ್ರಶ್ನೆ ಎಂದರು. 2012ರಲ್ಲಿ ಪ್ರಾಯೋಗಿಕವಾಗಿ ಒಪ್ಪಿಗೆ ಸಿಕ್ಕಿತು, 2014ರಲ್ಲಿ ನಿಷೇಧ ಪೂರ್ತಿಯಾಗಿ ಹೋಯಿತು. ಒಂದು ಕಡೆ ತಲೆವಸ್ತ್ರ ತೆಗೆದರೆ ಮಾತ್ರ ಆಟ, ಇನ್ನೊಂದು ಕಡೆ ಗಂಡನ ಸಹಿ ಸಿಕ್ಕರೆ ಮಾತ್ರ ಪ್ರಯಾಣ. ಎರಡೂ ಕಡೆಯವರು ಮಾತಾಡಿದ್ದು ಆ ಹೆಣ್ಣುಮಕ್ಕಳ ಒಳಿತಿನ ಹೆಸರಿನಲ್ಲಿಯೇ.

ಈ ಸಹಿಯ ನಿಯಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಕ್ರಾಂತಿಯ ಕೂಸು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಇದು 1973ರ ಪಾಸ್‌ಪೋರ್ಟ್ ಕಾನೂನಿನದ್ದು, ಅಂದರೆ ಆಧುನಿಕತೆಯ ಹರಿಕಾರನೆನಿಸಿಕೊಂಡಿದ್ದ ಶಾಹನ ಕಾಲದ್ದು. ಶಾಹನನ್ನು ಓಡಿಸಿದವರು ಅವನ ಎಷ್ಟೋ ಕಾನೂನುಗಳನ್ನು ಕಿತ್ತೆಸೆದರು, ಇದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು. ಹೆಣ್ಣನ್ನು ಹಿಡಿದಿಡುವ ವಿಷಯದಲ್ಲಿ ಅರಮನೆಗೂ ಕ್ರಾಂತಿಗೂ ಜಗಳವಿರಲಿಲ್ಲ.

ಅರ್ದಲಾನ್ ಸುಮ್ಮನಿರಲಿಲ್ಲ. ದೇಶಕ್ಕಾಗಿ ಆಡಲು ಹೊರಟವಳನ್ನು ತಡೆಯದಂತೆ ಕಾನೂನು ಬೇಕೆಂದು ಬಹಿರಂಗವಾಗಿ ಹೇಳಿದರು. ಆ ವರ್ಷದ ಕೊನೆಯಲ್ಲಿ ಗ್ವಾಟೆಮಾಲದಲ್ಲಿ ನಡೆದ ವಿಶ್ವ ಮಹಿಳಾ ಫುಟ್ಸಾಲ್ ಟೂರ್ನಿಗೆ ಹೋಗಲು ನ್ಯಾಯಾಂಗದ ಅಧಿಕಾರಿಗಳು ಅನುಮತಿ ಕೊಟ್ಟರು. ಆದರೆ ಅದು ಆಕೆಯೊಬ್ಬಳಿಗೆ, ಆ ಒಂದು ಪ್ರಯಾಣಕ್ಕೆ ಸಿಕ್ಕ ಅನುಮತಿ. ಕಾನೂನು ಇದ್ದಲ್ಲಿಯೇ ಇತ್ತು.

2018ರಲ್ಲಿ ಬ್ಯಾಂಕಾಕ್‌ನಲ್ಲಿ ಇರಾನ್ ಮತ್ತೆ ಜಪಾನನ್ನೇ 5-2ರಿಂದ ಸೋಲಿಸಿ ಏಶ್ಯನ್ ಪ್ರಶಸ್ತಿ ಉಳಿಸಿಕೊಂಡಿತು. ಇಷ್ಟಾದರೂ ಮಹಿಳೆಯರಿಗೆ ವಿಶ್ವಕಪ್ ಎಂಬುದೇ ಇರಲಿಲ್ಲ. ಪುರುಷರ ಮೊದಲ ಕೂಟದ 36 ವರ್ಷಗಳ ನಂತರ, 2025ರ ಕೊನೆಯಲ್ಲಿ, ಫಿಫಾ ಫಿಲಿಪ್ಪೀನ್ಸ್‌ನಲ್ಲಿ ಅದನ್ನು ನಡೆಸಿತು. ಪೋರ್ಚುಗಲನ್ನು ಮಣಿಸಿ ಬ್ರೆಝಿಲ್ ಗೆದ್ದಿತು. ಅರ್ಹತೆ ಪಡೆದು ಅಲ್ಲಿಗೆ ಹೋದ 16 ತಂಡಗಳಲ್ಲಿ ಇರಾನ್ ಕೂಡಾ ಇತ್ತು.