ಟಿವಿಗೂ ತಂತಿಗೂ ನಡುವಿನ ಡಬ್ಬ

ಹೊಸಕೋಟೆಯ ಯಾವುದಾದರೂ ಟಿವಿ ಅಂಗಡಿಗೆ ಹೋದಾಗ ಹೊಸ ಸೆಟ್ಟೊಂದರ ಬೆನ್ನು ತಿರುಗಿಸಿ ನೋಡಿ. ಎಚ್‌ಡಿಎಂಐ, ಯುಎಸ್‌ಬಿ ತೂತುಗಳ ಸಾಲಿನಲ್ಲೇ ಒಂದು ದುಂಡನೆಯ ಪಿನ್ನೂ ಇರುತ್ತದೆ. ಪಕ್ಕದಲ್ಲಿ ಆಂಟೆನಾ, ಕೇಬಲ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಟ್ಯೂನಿಂಗ್ ಮೆನುವಿನಲ್ಲೂ ಕೇಬಲ್ ಎಂಬ ಆಯ್ಕೆ ಉಂಟು. ಆದರೆ ಅದೇ ಟಿವಿಯನ್ನು ಮನೆಗೆ ತಂದು, ಕಂಬದಿಂದ ಇಳಿದ ಕಪ್ಪು ತಂತಿಯನ್ನು ನೇರ ಆ ಪಿನ್ನಿಗೆ ಸಿಕ್ಕಿಸಿದರೆ ಒಂದು ಚಾನೆಲ್ಲೂ ಮೂಡುವುದಿಲ್ಲ. ಟಿವಿ ಕೆಟ್ಟಿಲ್ಲ, ತಂತಿಯೂ ಸರಿಯಾಗೇ ಇದೆ. ನಡುವೆ ಸೆಟ್‌ಟಾಪ್ ಬಾಕ್ಸ್ ಎಂಬ ಡಬ್ಬ ಇಲ್ಲದೆ ಚಿತ್ರ ಬರಕೂಡದು ಎಂದು ಕಾನೂನೇ ಹೇಳುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಈ ಡಬ್ಬ ಹೇಗೆ ಬಂತು, ಅದರ ಹಿಂದಿನ ನಿಯಮಗಳೇನು ಎಂಬುದು ಈ ಲೇಖನದ ವಿಷಯ.

ಟಕಟಕ ಗುಂಡಿಯ ಕಾಲ

ನಮ್ಮ ದೇಶ ಆರಿಸಿಕೊಂಡದ್ದು ಪಾಲ್ ಎಂಬ ಬಣ್ಣದ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಚಿತ್ರ. ವಿಎಚ್‌ಎಫ್‌ನಲ್ಲಿ ಒಂದೊಂದು ಚಾನೆಲ್ಲಿಗೆ 7 ಮೆಗಾಹರ್ಟ್ಸ್ ಜಾಗ. ಟಕಟಕ ತಿರುಗಿಸುವ ಹಳೆಯ ಟಿವಿಯ ಗುಂಡಿಯಲ್ಲಿ 2ರಿಂದ 12ರವರೆಗೆ ಅಂಕಿಗಳಿದ್ದವು. 2ರಿಂದ 4 ಎಂದರೆ 47ರಿಂದ 68 ಮೆಗಾಹರ್ಟ್ಸ್, 5ರಿಂದ 12 ಎಂದರೆ 174ರಿಂದ 230. ಒಟ್ಟು ಹನ್ನೊಂದೇ ಮನೆ. ದೂರದರ್ಶನ ಒಂದೇ ಇದ್ದಾಗ ಅಷ್ಟು ಬೇಕಾದಷ್ಟಾಯಿತು. ಹತ್ತು ಮನೆ ಖಾಲಿಯೇ ಬಿದ್ದಿದ್ದವು.

1991ರ ಕೊಲ್ಲಿ ಯುದ್ಧದ ಸುದ್ದಿಯ ಜೊತೆಗೆ ಉಪಗ್ರಹ ಚಾನೆಲ್ಲುಗಳು ಬಂದವು. 1992ರಲ್ಲಿ ಜೀ ಟಿವಿ, 1994ರಲ್ಲಿ ಕನ್ನಡದ ಉದಯ ಟಿವಿ. ಊರಿಗೊಬ್ಬರು ತಾರಸಿಯ ಮೇಲೆ ದೊಡ್ಡ ಡಿಶ್ ನಿಲ್ಲಿಸಿ ಬೀದಿಬೀದಿಗೆ ತಂತಿ ಎಳೆದರು. ಹನ್ನೊಂದು ಮನೆ ತುಂಬಿದ ಮೇಲೆ ಉಳಿದ ಚಾನೆಲ್ಲುಗಳಿಗೆ ಜಾಗ ಎಲ್ಲಿ? ಗಾಳಿಯಲ್ಲಿ ಬೇರೆಯವರಿಗೆ ಹಂಚಿಹೋಗಿದ್ದ ತರಂಗಗಳನ್ನೇ ತಂತಿಯ ಒಳಗೆ ಬಳಸಿಕೊಂಡರು. 104ರಿಂದ 174ರವರೆಗೆ ಎಸ್-1ರಿಂದ ಎಸ್-10, 230ರಿಂದ 300ರವರೆಗೆ ಇನ್ನು ಹತ್ತು, 302ರಿಂದ 470ರವರೆಗೆ ಹೈಪರ್‌ಬ್ಯಾಂಡ್ ಎಂದು ಮತ್ತೆ ಇಪ್ಪತ್ತೊಂದು. ಇವನ್ನು ಹಿಡಿಯಬಲ್ಲ ಟಿವಿಯೇ ಆಗಿನ ಕೇಬಲ್ ರೆಡಿ ಟಿವಿ. ಜಾಹೀರಾತುಗಳಲ್ಲಿ ಹೈಪರ್‌ಬ್ಯಾಂಡ್ ಎಂಬ ಮಾತು ದಪ್ಪಕ್ಷರದಲ್ಲಿ ಬರುತ್ತಿದ್ದುದು ಇದಕ್ಕೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇತ್ತು. ಗಾಳಿಯಲ್ಲಿ ಒಂದು ಚಾನೆಲ್ಲಿನ ಪಕ್ಕದ ಮನೆಯನ್ನು ಖಾಲಿ ಬಿಡುವುದು ರೂಢಿ. ತಂತಿಯಲ್ಲಿ ಹಾಗಲ್ಲ, ವಠಾರದ ಮನೆಗಳಂತೆ ಗೋಡೆಗೆ ಗೋಡೆ ಅಂಟಿಕೊಂಡೇ ಇರುತ್ತವೆ. ಪಕ್ಕದ ಮನೆಯ ಸದ್ದನ್ನು ತಡೆಯುವ ಶಕ್ತಿ ಟ್ಯೂನರಿಗೆ ಇಲ್ಲದಿದ್ದರೆ ಧಾರಾವಾಹಿಯ ಮುಖದ ಮೇಲೆ ಇನ್ನೊಂದು ಚಾನೆಲ್ಲಿನ ಗೆರೆಗಳು ಓಡಾಡುತ್ತಿದ್ದವು. ಟಿವಿಯ ಒಳಕವಚ ತೆಳುವಾಗಿದ್ದರೆ ದೂರದರ್ಶನದ ಗೋಪುರದ ತರಂಗ ನೇರ ಒಳಗೆ ನುಗ್ಗಿ ಚಿತ್ರದ ಪಕ್ಕ ನೆರಳು ಬೀಳುತ್ತಿತ್ತು. ಮಗ್ಗದ ಮೋಟಾರುಗಳು ದಿನವಿಡೀ ಓಡುವ ದೊಡ್ಡಬಳ್ಳಾಪುರದಂಥ ಊರಿನಲ್ಲಿ ಕೇಬಲ್ಲು ಮೆಚ್ಚಿಕೆಯಾದದ್ದಕ್ಕೆ ಚಾನೆಲ್ಲುಗಳ ಸಂಖ್ಯೆಯಷ್ಟೇ ಕಾರಣವಲ್ಲ. ಒಳ್ಳೆಯ ಕವಚದ ತಂತಿ ಆಂಟೆನಾಕ್ಕಿಂತ ಈ ವಿದ್ಯುತ್ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ.

1995ರ ಕಾಯ್ದೆ

ನಾಲ್ಕೈದು ವರ್ಷ ಯಾವ ಕಟ್ಟಳೆಯೂ ಇಲ್ಲದೆ ನಡೆದ ಮೇಲೆ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆ 1995ರಲ್ಲಿ ಬಂತು. ಕೇಬಲ್ ನಡೆಸುವವರು ಪ್ರಧಾನ ಅಂಚೆ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕಾಯಿತು. ಶುಲ್ಕ 500 ರೂಪಾಯಿ. ಟಿವಿಗೂ ಅಂಚೆಗೂ ಏನು ಸಂಬಂಧ ಎಂದು ಕೇಳಬಹುದು. ಹಿಂದೆ ರೇಡಿಯೊ ಲೈಸೆನ್ಸ್ ಕೊಡುತ್ತಿದ್ದುದೂ ಅಂಚೆಯವರೇ. ಈ ಕೆಲಸ ಈಗ ಅವರ ಕೈ ಬಿಟ್ಟಿದೆ. 2025ರ ಜನವರಿಯ ತಿದ್ದುಪಡಿಯ ಪ್ರಕಾರ ನೋಂದಣಿ ನೇರವಾಗಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಜಾಲತಾಣದಲ್ಲಿ, ಅವಧಿ 5 ವರ್ಷ.

ಉಪಕರಣಗಳ ವಿಚಾರ ಬರುವುದು ಮುಖ್ಯವಾಗಿ 9 ಮತ್ತು 10ನೇ ಕಲಮುಗಳಲ್ಲಿ. ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, ಯಾವುದಾದರೂ ಉಪಕರಣಕ್ಕೆ ಮಾನಕ ಪ್ರಕಟಿಸಿ 3 ವರ್ಷ ಕಳೆದ ಮೇಲೆ ಆ ಮಾನಕಕ್ಕೆ ಹೊಂದದ ಉಪಕರಣವನ್ನು ಕೇಬಲ್ ಜಾಲದಲ್ಲಿ ಬಳಸುವಂತಿಲ್ಲ ಎನ್ನುತ್ತದೆ 9ನೆಯದು. ಜಾಲದಿಂದ ಅಧಿಕೃತ ದೂರಸಂಪರ್ಕ ವ್ಯವಸ್ಥೆಗಳಿಗೆ ಯಾವ ಬಗೆಯ ಅಡ್ಡಿಯೂ ಆಗಕೂಡದು ಎನ್ನುತ್ತದೆ 10ನೆಯದು. ಮೇಲ್ವಿಚಾರಣೆಯ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಗೂ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೂ ಇದೆ. ತಪ್ಪು ಕಂಡರೆ ಉಪಕರಣ ಜಪ್ತಿ ಮಾಡಬಹುದು. ಅಂದ ಹಾಗೆ ಬಿಐಎಸ್‌ನ ಬೆಂಗಳೂರು ಶಾಖೆ ಇರುವುದು ಪೀಣ್ಯದಲ್ಲಿ, ನೆಲಮಂಗಲದವರು ದಿನಾ ಬಸ್ಸಿನಲ್ಲಿ ಹಾದುಹೋಗುವ ತುಮಕೂರು ರಸ್ತೆಯ ಬದಿಯಲ್ಲೇ.

8ನೇ ಕಲಮಿನ ಕತೆ ಸ್ವಾರಸ್ಯದ್ದು. ದೂರದರ್ಶನವನ್ನು ತೋರಿಸಲೇಬೇಕು ಎಂದು ಕಾಯ್ದೆ ಹೇಳಿತು. ಆದರೆ ತಂತಿಯ ತುದಿಯ ಮೂಲೆಯಲ್ಲೆಲ್ಲೋ ತೋರಿಸಿದರೆ ಹಳೆಯ ಟಿವಿಗಳಿಗೆ ಅದು ಸಿಗುತ್ತಿರಲಿಲ್ಲ. 2000ದ ತಿದ್ದುಪಡಿ ದೂರದರ್ಶನವನ್ನು ಪ್ರೈಮ್ ಬ್ಯಾಂಡಿನಲ್ಲೇ ಕೊಡಬೇಕು ಎಂದು ಬಿಗಿ ಮಾಡಿತು. ಪ್ರೈಮ್ ಬ್ಯಾಂಡ್ ಎಂದರೆ ಟಕಟಕ ಗುಂಡಿಯ ಅದೇ ಹನ್ನೊಂದು ಮನೆ.

ಪಟ್ಟಣಕ್ಕೊಂದು ತಾರೀಕು, ಹಳ್ಳಿಗೊಂದು ತಾರೀಕು

ಹಳೆಯ ಕೇಬಲ್ಲಿನಲ್ಲಿ ಎಷ್ಟು ಮನೆಗೆ ತಂತಿ ಹೋಗಿದೆ ಎಂಬುದು ಎಳೆದವರಿಗೆ ಮಾತ್ರ ಗೊತ್ತಿತ್ತು. ನಮ್ಮ ಪಾಲಿನ ಹಣ ಸರಿಯಾಗಿ ಬರುತ್ತಿಲ್ಲ ಎಂದು ಚಾನೆಲ್ಲಿನವರು, ತೆರಿಗೆ ಬರುತ್ತಿಲ್ಲ ಎಂದು ಸರ್ಕಾರದವರು. 2003ರಲ್ಲಿ ಚೆನ್ನೈನಲ್ಲಿ ಹಣ ಕೊಡುವ ಚಾನೆಲ್ಲುಗಳಿಗೆ ಮಾತ್ರ ಡಬ್ಬ ಕಡ್ಡಾಯ ಮಾಡಿ ನೋಡಿದ್ದಾಯಿತು. 2011ರ ಕೊನೆಗೆ ಕಾಯ್ದೆಯ 4-ಎ ಕಲಮನ್ನೇ ಹೊಸದಾಗಿ ಬರೆದರು. ಎಲ್ಲ ಚಾನೆಲ್ಲುಗಳನ್ನೂ ಡಿಜಿಟಲ್ ಮಾಡಿ, ಗೂಢಲಿಪಿಯಲ್ಲಿ ಬೀಗ ಹಾಕಿ, ವಿಳಾಸವಿರುವ ಡಬ್ಬದ ಮೂಲಕವೇ ಕಳಿಸಬೇಕು ಎಂಬುದು ಅದರ ಸಾರ. ವಿಳಾಸ ಎಂದರೆ ಮನೆಯ ವಿಳಾಸವಲ್ಲ, ಡಬ್ಬಕ್ಕೆ ಕೊಟ್ಟ ಸಂಖ್ಯೆ. ಕೇಬಲ್ ಕಂಪನಿಯ ಕೇಂದ್ರದಲ್ಲಿ ಕೂತವರು ಅದೊಂದನ್ನೇ ತೆರೆಯಬಹುದು, ಮುಚ್ಚಬಹುದು.

ನಾಲ್ಕು ಹಂತ ಮಾಡಿದರು. ನಾಲ್ಕು ಮಹಾನಗರಗಳು ಮೊದಲು. ಬೆಂಗಳೂರು ಮೈಸೂರು ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31. ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್ 31. ಹಳ್ಳಿಗಳಿಗೆ, ಗಡುವು ಮುಂದೂಡಿ, 2017ರ ಮಾರ್ಚ್ 31. ಗ್ರಾಮಾಂತರ ಜಿಲ್ಲೆಯ ಮೇಲೆ ಈ ಗೆರೆಗಳು ಅಡ್ಡಾದಿಡ್ಡಿ ಬಿದ್ದವು. ತುಮಕೂರು ರಸ್ತೆಯ ದಾಸರಹಳ್ಳಿ ಮಹಾನಗರ ಪಾಲಿಕೆಗೆ ಸೇರಿದ್ದರಿಂದ ಎರಡನೇ ಹಂತ. ಅದೇ ರಸ್ತೆಯಲ್ಲಿ ಮುಂದಿನ ನೆಲಮಂಗಲ ಪಟ್ಟಣ ಮೂರನೆಯದು. ಅದೇ ತಾಲ್ಲೂಕಿನ ತ್ಯಾಮಗೊಂಡ್ಲು ನಾಲ್ಕನೆಯದು. ದೊಡ್ಡಬಳ್ಳಾಪುರ ಪಟ್ಟಣಕ್ಕೊಂದು ಗಡುವು, ತೂಬಗೆರೆಗೆ ಇನ್ನೊಂದು. ಹೊಸಕೋಟೆಗೆ ಒಂದು, ಸೂಲಿಬೆಲೆಗೆ, ನಂದಗುಡಿಗೆ ಮತ್ತೊಂದು. ಸೊಸೆ ತವರಿನಿಂದ ತಂದ ಡಬ್ಬ ಗಂಡನ ಮನೆಯಲ್ಲಿ ಕೆಲಸಕ್ಕೆ ಬಾರದ ದಿನಗಳು ಅವು. ಬೇರೆ ಕಂಪನಿಯ ಜಾಲವಾಗಿದ್ದರೆ ಇಂದಿಗೂ ಅದೇ ಗತಿ.

ಡಬ್ಬದೊಳಗೆ ಏನಿರಬೇಕು

ಕೇಬಲ್ಲಿನ ಡಿಜಿಟಲ್ ಡಬ್ಬಕ್ಕೆ ಬಿಐಎಸ್ ಮಾನಕ ಐಎಸ್ 15245; ಮೊದಲು ಪ್ರಕಟವಾದದ್ದು 2002ರಲ್ಲಿ. ಯುರೋಪಿನ ಡಿವಿಬಿ-ಸಿ ಪದ್ಧತಿಯೇ ಇದಕ್ಕೆ ಆಧಾರ. 8 ಮೆಗಾಹರ್ಟ್ಸ್ ಜಾಗದಲ್ಲಿ 64-ಕ್ಯೂಎಎಂ ಎಂಬ ವಿಧಾನದಿಂದ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಸಾಗಿಸಬಹುದು. ಹಿಂದೆ ಒಂದೇ ಚಾನೆಲ್ ಕೂರುತ್ತಿದ್ದ ಮನೆಯಲ್ಲಿ ಈಗ ಹತ್ತಕ್ಕೂ ಹೆಚ್ಚು. ಇದಲ್ಲದೆ ವಿದ್ಯುತ್ ಸುರಕ್ಷತೆಯ ನಿಯಮ ಬೇರೆ: ಕಡ್ಡಾಯ ನೋಂದಣಿಯ 2012ರ ಆದೇಶದ ಮೊದಲ ಪಟ್ಟಿಯಲ್ಲೇ ಸೆಟ್‌ಟಾಪ್ ಬಾಕ್ಸೂ 32 ಇಂಚು ಮತ್ತು ಮೇಲ್ಪಟ್ಟ ಟಿವಿಗಳೂ ಇದ್ದವು. ಡಬ್ಬ ಮಗುಚಿದರೆ ಕಾಣುವ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದರದ್ದೇ. ಮುಟ್ಟಿದರೆ ಶಾಕ್ ಹೊಡೆಯದ ಡಬ್ಬ ಎಂಬುದಕ್ಕೆ ಆ ಗುರುತು ಸಾಕ್ಷಿ. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದಕ್ಕಲ್ಲ.

ಮೂರನೆಯ ಬಗೆಯ ನಿಯಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನದು, 2017ರ ಅಂತರ್‌ಸಂಪರ್ಕ ನಿಯಮಾವಳಿಯಲ್ಲಿದೆ. ಮ್ಯಾಚು ನೋಡುತ್ತಿರುವಾಗ ಪರದೆಯ ಯಾವುದೋ ಮೂಲೆಯಲ್ಲಿ ಉದ್ದನೆಯ ಅಂಕಿಯೊಂದು ಫಕ್ಕನೆ ಮೂಡಿ ಮಾಯವಾಗುವುದನ್ನು ಕಂಡಿದ್ದೀರಲ್ಲ? ಅದು ಫಿಂಗರ್‌ಪ್ರಿಂಟಿಂಗ್. ಆ ಅಂಕಿ ನಿಮ್ಮದೇ ಡಬ್ಬದ ಅಥವಾ ಕಾರ್ಡಿನ ಗುರುತು. ಅದು ಚಿತ್ರದ ಎಲ್ಲಕ್ಕಿಂತ ಮೇಲಿನ ಪದರದಲ್ಲಿರಬೇಕು, ರಿಮೋಟಿನ ಯಾವ ಗುಂಡಿ ಒತ್ತಿದರೂ ಅಳಿಯಬಾರದು, ಪ್ರತಿ ಸಲ ಜಾಗ ಬದಲಿಸಬೇಕು ಎಂದು ನಿಯಮ. ಯಾರಾದರೂ ಪರದೆಯನ್ನು ಮೊಬೈಲಿನಲ್ಲಿ ಹಿಡಿದು ಕಳ್ಳದಾರಿಯಲ್ಲಿ ಹಂಚಿದರೆ ಯಾವ ಮನೆಯಿಂದ ಎಂದು ಪತ್ತೆ ಹಚ್ಚುವುದಕ್ಕೆ. ಕೇಂದ್ರದಿಂದ ಕನಿಷ್ಠ 120 ಅಕ್ಷರಗಳ ಸಂದೇಶವನ್ನು ಡಬ್ಬ ತೋರಿಸಬೇಕು ಎಂಬುದೂ ಉಂಟು. ‘ರಿಚಾರ್ಜ್ ಮಾಡಿಸಿ’ ಎಂದು ಅರ್ಧ ಪರದೆ ಮುಚ್ಚುವ ಪಟ್ಟಿ ಬರುವುದು ಈ ದಾರಿಯಲ್ಲೇ.

ಈ ನಿಯಮಗಳನ್ನು ಓದಿದರೆ ಒಂದು ಮಾತು ಹೇಳಬೇಕೆನಿಸುತ್ತದೆ. ಚಾನೆಲ್ಲಿನವರ ದುಡ್ಡು ಸೋರದಂತೆ ನೋಡಿಕೊಳ್ಳುವ ಕಡೆ ಅವು ಕೂದಲು ಸೀಳುವಷ್ಟು ನಿಖರ. ಡಬ್ಬ ಕೊಂಡವನಿಗೆ ಅದನ್ನು ಎಲ್ಲಿ ಬೇಕಾದರೂ ಬಳಸುವ ಹಕ್ಕಿದೆಯೇ ಎಂಬ ಕಡೆ ಅಷ್ಟೇ ಮೌನ.

ವಿಮಾನ ನಿಲ್ದಾಣದ ನೆರೆಯಲ್ಲಿ

10ನೇ ಕಲಮಿಗೆ ದೇವನಹಳ್ಳಿಯಲ್ಲಿ ವಿಶೇಷ ಅರ್ಥ ಉಂಟು. ಅಲ್ಲಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಪೈಲಟ್ಟುಗಳು ಗೋಪುರದ ಜೊತೆ ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಇಳಿಯುವಾಗ ಓಡುಹಾದಿಯ ನೇರ ತೋರಿಸುವ ಸಂಕೇತ 108ರಿಂದ 112ರ ನಡುವೆ. ಕೇಬಲ್ಲಿನ ಎಸ್-1 ಕೂರುವುದು 104ರಿಂದ 111ರಲ್ಲಿ, ಎಸ್-3 ಎಂದರೆ 118ರಿಂದ 125. ಒಂದೇ ತರಂಗ, ಒಂದು ತಂತಿಯ ಒಳಗೆ, ಇನ್ನೊಂದು ಆಕಾಶದಲ್ಲಿ. ಕವಚ ಗಟ್ಟಿ ಇರುವವರೆಗೆ ಇಬ್ಬರಿಗೂ ತೊಂದರೆಯಿಲ್ಲ. ಅಮೆರಿಕದಲ್ಲಿ ವಿಮಾನದ ತರಂಗ ಬಳಸುವ ಕೇಬಲ್ ಜಾಲಗಳ ಸೋರಿಕೆಯನ್ನು ಅಳೆದು ಲೆಕ್ಕ ಒಪ್ಪಿಸಬೇಕೆಂಬ ಪ್ರತ್ಯೇಕ ನಿಯಮವೇ ಇದೆ.

ಸೋರಿಕೆ ಆಗುವುದು ಹೆಚ್ಚಾಗಿ ತಂತಿಯ ನಡುವೆ ಅಲ್ಲ, ತುದಿಯಲ್ಲಿ. ಮನೆಗೆ ಇಳಿಯುವ ಆರ್‌ಜಿ-6 ತಂತಿಯನ್ನು ಕೊಯ್ದರೆ ನಡುವೆ ತಾಮ್ರದ ಬಣ್ಣದ ಕಡ್ಡಿ, ಸುತ್ತ ಬಿಳಿಯ ನೊರೆಯಂಥ ಪದರ, ಅದರ ಮೇಲೆ ಬೆಳ್ಳಿಹಾಳೆ, ಹೆಣೆದ ಎಳೆಗಳ ಜಾಲರಿ, ಹೊರಗೆ ಕರಿ ಪ್ಲಾಸ್ಟಿಕ್. ಜಾಲರಿಯನ್ನು ಹಿಂದಕ್ಕೆ ಮಡಚಿ, ಮೇಲೆ ಪಿನ್ ಕೂರಿಸಿ, ಇಕ್ಕಳದಿಂದ ಒತ್ತಬೇಕು. ಅವಸರದಲ್ಲಿ ಜಾಲರಿಯನ್ನು ಪೂರ್ತಿ ಕತ್ತರಿಸಿ ಕಡ್ಡಿಯನ್ನು ಮಾತ್ರ ತೂರಿಸಿದರೂ ಚಿತ್ರ ಹೇಗೋ ಬರುತ್ತದೆ. ಆದರೆ ಆ ತುದಿ ಈಗ ಪುಟ್ಟದೊಂದು ಆಂಟೆನಾ. ಒಳಗಿನದನ್ನು ಹೊರಗೆ ಚೆಲ್ಲುತ್ತದೆ, ಹೊರಗಿನದನ್ನು ಒಳಗೆ ಸೆಳೆಯುತ್ತದೆ. 2022ರ ಹರಾಜಿನಲ್ಲಿ ಮೊದಲ ಬಾರಿ ಮಾರಾಟವಾದ 700 ಮೆಗಾಹರ್ಟ್ಸ್ ಮೊಬೈಲ್ ತರಂಗ ಕೂಡ ಕೇಬಲ್ಲು ಬಳಸುವ 862ರವರೆಗಿನ ಹರವಿನ ಒಳಗೇ ಬರುತ್ತದೆ. ಫೋನನ್ನು ಡಬ್ಬದ ಮೇಲಿಟ್ಟಾಗ ಕೆಲವೇ ಚಾನೆಲ್ಲುಗಳು ಚೌಕ ಚೌಕವಾಗಿ ಒಡೆದರೆ ಮೊದಲು ಪಿನ್ ನೋಡಿ. ಎರಡು ಟಿವಿಗೆ ಹಂಚುವ ಸ್ಪ್ಲಿಟರ್ ಕೂಡ ಸಿಗ್ನಲಿನ ಅರ್ಧ ಶಕ್ತಿಗಿಂತ ತುಸು ಹೆಚ್ಚೇ ತಿನ್ನುತ್ತದೆ. ಒಂದರ ಹಿಂದೆ ಒಂದು ಸ್ಪ್ಲಿಟರ್ ಹಾಕಿ, ಆಮೇಲೆ ಬೂಸ್ಟರ್ ತಂದರೆ ಅದು ಗದ್ದಲವನ್ನೂ ಸೇರಿಸಿ ಹೆಚ್ಚಿಸುತ್ತದೆ.

ಡಬ್ಬ ಯಾರದು

ಅಮೆರಿಕದಲ್ಲಿ ಕೇಬಲ್ ರೆಡಿ ಎಂಬುದು ಬರೀ ಜಾಹೀರಾತಿನ ಮಾತಾಗಿ ಉಳಿಯಲಿಲ್ಲ. 1992ರ ಕೇಬಲ್ ಕಾಯ್ದೆಯ ಬೆನ್ನಿಗೆ ಅಲ್ಲಿನ ಸಂಪರ್ಕ ಆಯೋಗ 1994ರಲ್ಲಿ ನಿಯಮ ಮಾಡಿತು: ಪಕ್ಕದ ಚಾನೆಲ್ ತಡೆಯುವ, ನೇರ ತರಂಗ ನುಗ್ಗದ ಗುಣ ಇಲ್ಲದ ಟಿವಿಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಬೀಗದ ಕೀಲಿಯನ್ನು ಡಬ್ಬದಿಂದ ಬೇರ್ಪಡಿಸಿ, ಕೇಬಲ್‌ಕಾರ್ಡ್ ಎಂಬ ಬಿಲ್ಲೆಯಲ್ಲಿಟ್ಟು ಯಾವ ಟಿವಿಗಾದರೂ ತೂರಿಸುವ ವ್ಯವಸ್ಥೆಯೂ ಬಂತು. ಜನ ಅಷ್ಟಾಗಿ ಒಲಿಯಲಿಲ್ಲ. 2020ರಲ್ಲಿ ಆ ನಿಯಮವನ್ನು ಕೈಬಿಟ್ಟರು.

ನಮ್ಮಲ್ಲಿ ಡಿಟಿಎಚ್‌ಗೆ 2001ರ ಮಾರ್ಗಸೂಚಿಯಲ್ಲೇ ಡಬ್ಬ ಯಾವ ಕಂಪನಿಗಾದರೂ ಹೊಂದುವಂತಿರಬೇಕು ಎಂದು ಬರೆದಿದ್ದರು. ಕಾಗದದಲ್ಲಿ ಹೊಂದಿತು, ಮನೆಯಲ್ಲಿ ಹೊಂದಲಿಲ್ಲ. 2020ರ ಏಪ್ರಿಲಿನಲ್ಲಿ ಟ್ರಾಯ್ ಇನ್ನೂ ಸ್ಪಷ್ಟವಾಗಿ ಶಿಫಾರಸು ಮಾಡಿತು: ಕೇಬಲ್, ಡಿಟಿಎಚ್ ಎರಡರ ಡಬ್ಬಗಳೂ ಕಂಪನಿ ಬದಲಿಸಿದರೂ ನಡೆಯಬೇಕು, ಟಿವಿಗಳಲ್ಲೇ ಯುಎಸ್‌ಬಿ ರೂಪದ ಕೀಲಿ ತೂರಿಸುವ ತಾಣ ಇರಬೇಕು. ಅದು ಕಡ್ಡಾಯವಾಗಿದ್ದರೆ ಹೊಸಕೋಟೆಯ ಅಂಗಡಿಯ ಆ ದುಂಡನೆಯ ಪಿನ್ನಿಗೆ ಅರ್ಥ ಬರುತ್ತಿತ್ತು. ಆಪರೇಟರ್ ಬದಲಾದಾಗಲೆಲ್ಲ ಹಳೆಯ ಡಬ್ಬ ಅಟ್ಟ ಸೇರುವುದು ಮಾತ್ರ ನಿಂತಿಲ್ಲ. ಕೊಳ್ಳುವ ಮೊದಲು ಇದು ಪೂರ್ತಿ ನಿಮ್ಮ ಸ್ವಂತವೋ ಬಾಡಿಗೆಯದೋ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬಾಡಿಗೆಯದಾದರೆ ಅಟ್ಟಕ್ಕೆ ಹಾಕುವ ಬದಲು ವಾಪಸ್ ಕೊಡಬಹುದು.

ಡಬ್ಬವಿಲ್ಲದ ಟಿವಿ

ಡಬ್ಬ ಬೇಡವೆನ್ನುವ ಮಾನಕವೊಂದು ಬಿಐಎಸ್‌ನಿಂದಲೇ ಬಂದಿದೆ, ಐಎಸ್ 18112:2022. ಟಿವಿಯೊಳಗೇ ಉಪಗ್ರಹದ ಟ್ಯೂನರ್ ಇದ್ದರೆ, ಮಾಳಿಗೆಯ ಡಿಶ್ಶಿನ ತಂತಿಯನ್ನು ನೇರ ಟಿವಿಗೆ ಕೊಟ್ಟು ಬೀಗವಿಲ್ಲದ ಚಾನೆಲ್ಲುಗಳನ್ನು ನೋಡಬಹುದು. 2004ರ ಡಿಸೆಂಬರಿನಲ್ಲಿ ಶುರುವಾದ ದೂರದರ್ಶನದ ಉಚಿತ ಸೇವೆ, ಈಗಿನ ಡಿಡಿ ಫ್ರೀ ಡಿಶ್, ಇದಕ್ಕೆ ಹೇಳಿ ಮಾಡಿಸಿದಂತಿದೆ. ಚಂದನ ಅದರಲ್ಲಿ ಸಿಗುತ್ತದೆ. ಬೀಗ ಹಾಕಿದ ಚಾನೆಲ್ಲುಗಳಿಗೆ ಮತ್ತೆ ಡಬ್ಬವೇ ಗತಿ. ಅಂಗಡಿಯಲ್ಲಿ ಟಿವಿ ಆರಿಸುವಾಗ ಬೆನ್ನಿನಲ್ಲಿ ದುಂಡನೆಯ ಕೇಬಲ್ ಪಿನ್ನಿನ ಪಕ್ಕ ಮರೆ ಇರುವ, ತಿರುಪಿ ಕೂರಿಸುವ ಇನ್ನೊಂದು ಪಿನ್ ಇದೆಯೇ, ಅಲ್ಲಿ ಸ್ಯಾಟಲೈಟ್ ಎಂದು ಬರೆದಿದೆಯೇ ಎಂದು ನೋಡಿ. ಅಂಗಡಿಯ ಹುಡುಗ ಟಿವಿಯನ್ನು ತಿರುಗಿಸಲು ಗೊಣಗಿದರೂ ಬಿಡಬೇಡಿ.