ಗಂಟೆ ಬಾರಿಸದ ಶಾಲೆ

ಗಂಟೆ ಬಾರಿಸಿದೊಡನೆ ಮಕ್ಕಳು ಗಣಿತ ಮುಚ್ಚಿಟ್ಟು ಇತಿಹಾಸ ತೆರೆಯುವುದನ್ನು ನಾವು ಸಹಜವೆಂದೇ ಭಾವಿಸಿದ್ದೇವೆ. 1920ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಡಾಲ್ಟನ್ ಎಂಬ ಊರಿನ ಪ್ರೌಢಶಾಲೆಯು ಈ ಪದ್ಧತಿಯನ್ನು ಬದಿಗಿಟ್ಟಿತು. ಇದರ ರೂವಾರಿ ಹೆಲೆನ್ ಪಾರ್ಕ್‌ಹರ್ಸ್ಟ್ ಎಂಬ ಶಿಕ್ಷಕಿ. ಹಿಂದೆ ಹಳ್ಳಿ ಶಾಲೆಯಲ್ಲಿ ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುತ್ತಿದ್ದಾಗ, ಒಂದು ಗುಂಪಿಗೆ ಪಾಠ ಹೇಳುವ ಹೊತ್ತಿನಲ್ಲಿ ಉಳಿದವರು ತಾವೇ ಓದಿಕೊಳ್ಳುವ ದಾರಿಯನ್ನು ಆಕೆ ಹುಡುಕಿದ್ದರು.

ಡಾಲ್ಟನ್ ಯೋಜನೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ತಿಂಗಳ ಪಾಠವನ್ನು ಕರಾರಿನಂತೆ ಒಪ್ಪಿಕೊಳ್ಳಬೇಕಿತ್ತು. ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂಬುದು ಅವರದೇ ತೀರ್ಮಾನ. ಪ್ರತಿ ವಿಷಯಕ್ಕೂ ಪುಸ್ತಕಗಳಿರುವ, ಸಂಶಯ ಪರಿಹರಿಸುವ ಶಿಕ್ಷಕರಿರುವ ಪ್ರತ್ಯೇಕ ಕೊಠಡಿಯಿತ್ತು. ಆದರೆ ಎಲ್ಲ ವಿಷಯಗಳ ಕರಾರು ಮುಗಿಸದೆ ಮುಂದಿನ ತಿಂಗಳ ಪಾಠ ಸಿಗುತ್ತಿರಲಿಲ್ಲ.

ಸೋವಿಯತ್ ಒಕ್ಕೂಟವೂ ಇದನ್ನು ಅನುಸರಿಸಿತು. ಆದರೆ ಅಲ್ಲಿ ಪಾಠವನ್ನು ಒಬ್ಬೊಬ್ಬರಿಗಲ್ಲ, ಗುಂಪಿಗೆ ವಹಿಸಲಾಯಿತು. ಗುಂಪಿನ ಪರವಾಗಿ ಯಾರೋ ಒಬ್ಬರು ಉತ್ತರ ಹೇಳಿದರೆ ಸಾಕು, ಎಲ್ಲರೂ ಕಲಿತಂತೆ. ವೈಯಕ್ತಿಕ ಹೊಣೆಯೇ ಇಲ್ಲವಾಯಿತೆಂದು ಆಕ್ಷೇಪಿಸಿ, 1932ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷವೇ ಆ ಪದ್ಧತಿಯನ್ನು ಕೊನೆಗಾಣಿಸಿತು.

ಕಲಿಯುವ ಹಂಬಲವುಳ್ಳ ಮಕ್ಕಳಿಗೆ ಸಮಯವನ್ನು ಬಿಟ್ಟುಕೊಡಲು ನಾವಿನ್ನೂ ಅಂಜುತ್ತೇವೆ. ಬಿಟ್ಟುಕೊಟ್ಟಷ್ಟಕ್ಕೇ ಕೆಲಸ ಮುಗಿಯದು, ಪ್ರತಿಯೊಬ್ಬರ ಓದಿನ ಲೆಕ್ಕವನ್ನೂ ಕೇಳುವ ಶಿಕ್ಷಕರು ಬೇಕು ಎಂಬುದನ್ನು ಈ ಎರಡು ಅನುಭವಗಳಿಂದ ನಾವು ಅರಿಯಬೇಕಾಗಿದೆ.